ಮರದ ತೊಗಟೆಯ ಮೇಲಿನ ಸಾಕ್ಷಿ

ದೇವರು ಮೈಮೇಲೆ ಬಂತು ಅಂತ ಕುಣಿಯುವವರನ್ನು ನಾವು ನಂಬುವುದಿಲ್ಲ. ತಾಯಿತ ಕಟ್ಟಿಸಿಕೊಳ್ಳಬೇಡಿ, ಮಾಟಮಂತ್ರಕ್ಕೆ ದುಡ್ಡು ಸುರಿಯಬೇಡಿ ಅಂತ ಊರೂರಲ್ಲಿ ಹೇಳುತ್ತಾ ಬಂದವರು ನಾವು. ಅಂಥ ನಾವು ಈಗ ಪೆರು ದೇಶದ ಕಾಡಿನ ಮಂತ್ರವಾದಿಗಳು ಬಳ್ಳಿಯ ಕಷಾಯ ಕುಡಿದು, ಕಂಡದ್ದನ್ನೆಲ್ಲ ಚಿತ್ರ ಬಿಡಿಸಿದ ಕತೆ ಬರೆಯಲು ಕೂತಿದ್ದೇವೆ. ಯಾಕಪ್ಪಾ ಇದು ಅಂತ ಗೆಳೆಯರು ಕೇಳಿದರೆ ತಪ್ಪಿಲ್ಲ. ಕೇಳಲೇಬೇಕಾದ ಪ್ರಶ್ನೆ.

ಉತ್ತರ ಇಷ್ಟೇ. ಆ ಚಿತ್ರಗಳನ್ನು ಅಮೆರಿಕ, ಯೂರೋಪಿನ ಶ್ರೀಮಂತರು ಇವತ್ತು ಗೋಡೆಗೆ ತೂಗುಹಾಕಿಕೊಂಡಿದ್ದಾರೆ. 'ದಾರ್ಶನಿಕ ಕಲೆ' ಅನ್ನುತ್ತಾರೆ. ಕಾಲಕ್ಕೆ ಸಿಗದ ಕನಸು, ಇತಿಹಾಸವೇ ಮುಟ್ಟದ ಕಾಡಿನ ಆತ್ಮ ಅಂತ ವರ್ಣಿಸುತ್ತಾರೆ. ನಾವು ಹೇಳಬೇಕೆಂದಿರುವುದು ಇದಕ್ಕೆ ಪೂರಾ ತದ್ವಿರುದ್ಧ. ಆ ಚಿತ್ರಗಳ ಮೈತುಂಬ ಇತಿಹಾಸವೇ ಇದೆ. ಅಕ್ಷರ ಸಿಗದ ಜನ, ತಮ್ಮ ಮೇಲೆ ನಡೆದದ್ದನ್ನು ಕೋರ್ಟಿನಲ್ಲಿ ಹೇಳಲಾಗದೆ, ಪುಸ್ತಕದಲ್ಲಿ ಬರೆಯಲಾಗದೆ, ತೊಗಟೆಯ ಮೇಲೆ, ಬಟ್ಟೆಯ ಮೇಲೆ, ಕನಸಿನಲ್ಲಿ ಬರೆದಿಟ್ಟುಕೊಂಡ ದಾಖಲೆ ಅದು. ಅದನ್ನು ಕನಸು ಅಂತ ಕರೆದು ಗೋಡೆಗೆ ಹಾಕಿದರೆ ದಾಖಲೆಯ ಬಾಯಿ ಮುಚ್ಚಿದ ಹಾಗೆ.

*

ಮೊದಲು ಕಷಾಯದ ವಿಷಯ. ಅಮೆಜಾನ್ ಕಾಡಿನಲ್ಲಿ ಅಯಾವಾಸ್ಕ ಅನ್ನುವ ಒಂದು ದಪ್ಪ ಬಳ್ಳಿ ಇದೆ. ಕೆಚುವಾ ಭಾಷೆಯಲ್ಲಿ 'ಅಯಾ' ಅಂದರೆ ಸತ್ತವರು, ಆತ್ಮ. 'ವಾಸ್ಕ' ಅಂದರೆ ಹಗ್ಗ. ಸತ್ತವರ ಹಗ್ಗ. ಈ ಬಳ್ಳಿಯನ್ನು ಜಜ್ಜಿ, ಚಕ್ರೂನಾ ಅನ್ನುವ ಪೊದೆಯ ಎಲೆ ಸೇರಿಸಿ ಗಂಟೆಗಟ್ಟಲೆ ಕುದಿಸುತ್ತಾರೆ. ಎಲೆಯೊಂದನ್ನೇ ತಿಂದರೆ ಏನೂ ಆಗುವುದಿಲ್ಲ. ಅದರ ಸತ್ವವನ್ನು ಹೊಟ್ಟೆಯೇ ನಾಶಮಾಡಿಬಿಡುತ್ತದೆ. ಬಳ್ಳಿಯ ರಸ ಆ ನಾಶವನ್ನು ತಡೆಯುತ್ತದೆ. ಆಗ ಕಣ್ಣಮುಂದೆ ರೂಪಗಳು ಏಳುತ್ತವೆ. ಸಾವಿರಾರು ಬಗೆಯ ಗಿಡಗಳಿರುವ ಕಾಡಿನಲ್ಲಿ ಈ ಎರಡನ್ನೇ ಹುಡುಕಿ ಜೋಡಿಸಿದವರು ಯಾವ ಕಾಲೇಜಿಗೂ ಹೋಗಿರಲಿಲ್ಲ. ಇದನ್ನು ಕುಡಿಯಿರಿ ಅಂತ ನಾವು ಹೇಳುತ್ತಿಲ್ಲ. ಇದು ಹುಡುಗಾಟದ ವಸ್ತುವಲ್ಲ. ಇದರ ಹಿಂದೆ ಇರುವುದು ಜ್ಞಾನ, ಬರೀ ಮೂಢತನವಲ್ಲ ಅಂತಷ್ಟೇ ಹೇಳುತ್ತಿದ್ದೇವೆ.

ಈ ಕಷಾಯದ ಕಾಣ್ಕೆಯನ್ನು ಲೋಕಕ್ಕೆಲ್ಲ ಗೊತ್ತಾಗುವಂತೆ ಬಿಡಿಸಿದವನು ಪಾಬ್ಲೊ ಅಮರಿಂಗೊ. ಪೆರುವಿನ ಉಕಯಾಲಿ ನದಿಯ ದಂಡೆಯ ಬಡ ಕುಟುಂಬದವನು. ಆದಿವಾಸಿ ರಕ್ತ ಬೆರೆತ ಮಿಶ್ರ ಮೂಲದವನು. ಪುಕಾಲ್ಪಾ ಪಟ್ಟಣದ ಬಂದರಿನಲ್ಲಿ ಮೂಟೆ ಹೊತ್ತವನು. ಕಾಯಿಲೆ ಬಿದ್ದು ಹೊರುವ ಕೆಲಸ ಆಗದೇ ಹೋದಾಗ ಚಿತ್ರ ಬಿಡಿಸಲು ಕಲಿತ. ಆ ಕೈಚಳಕದಿಂದಲೇ ಖೋಟಾನೋಟು ಬರೆದು ಜೈಲು ಕಂಡ. ಇದನ್ನು ಆತ ಮುಚ್ಚಿಡಲಿಲ್ಲ. ನಾವು ಯಾಕೆ ಮುಚ್ಚಿಡಬೇಕು? ಹಸಿದವನ ಕೈಗೆ ಕಲೆ ಬಂದರೆ ಮೊದಲು ಬರೆಯುವುದು ಅನ್ನದ ಚಿತ್ರವನ್ನೇ. ಆಮೇಲೆ ಆತ ಗಿಡಮೂಲಿಕೆಯ ನಾಟಿವೈದ್ಯನಾದ. ಇಕಾರೊ ಅನ್ನುವ ವೈದ್ಯದ ಹಾಡುಗಳನ್ನು ಕಲಿತು ಕೆಲವು ವರ್ಷ ರೋಗಿಗಳನ್ನು ನೋಡಿದ.

1970ರ ದಶಕದಲ್ಲೇ ಆತ ಈ ಕಸುಬನ್ನು ಬಿಟ್ಟುಬಿಟ್ಟ. ಯಾಕೆ? ಮಂತ್ರವಾದಿಗಳ ನಡುವಿನ ಹಗೆ. ಒಬ್ಬ ಕಾಯಿಲೆ ವಾಸಿಮಾಡಿದರೆ ಅದನ್ನು ಮಾಡಿದವನು ನೀನೇ ಅಂತ ಇನ್ನೊಬ್ಬನ ಮೇಲೆ ಆರೋಪ. ಅದಕ್ಕೆ ಸೇಡು, ಸೇಡಿಗೆ ಮರುಸೇಡು. ನಮ್ಮ ಹಳ್ಳಿಗಳಲ್ಲಿ ಮಾಟ ಮಾಡಿಸಿದರು ಅಂತ ಎಷ್ಟು ತಲೆ ಒಡೆದಿವೆ ಅಂತ ಗೊತ್ತಿರುವ ನಮಗೆ ಇದು ಹೊಸದಲ್ಲ. ಆದ್ದರಿಂದ ಕಾಡಿನ ಮಂತ್ರವಾದಿಯನ್ನು ಸಂತನನ್ನಾಗಿ ಮಾಡುವ ಪಾಶ್ಚಾತ್ಯರ ಹುಚ್ಚು ನಮಗೆ ಬೇಡ. ಆತನ ಲೋಕದಲ್ಲೂ ಭಯವಿದೆ, ಸುಲಿಗೆಯಿದೆ. ಅದನ್ನು ಒಪ್ಪಿಕೊಂಡೇ ಚಿತ್ರದ ಮುಂದೆ ನಿಲ್ಲೋಣ.

1985ರಲ್ಲಿ ಲೂಯಿಸ್ ಎಡುವಾರ್ಡೊ ಲೂನಾ ಎಂಬ ಕೊಲಂಬಿಯದ ಮಾನವಶಾಸ್ತ್ರಜ್ಞ, ಡೆನಿಸ್ ಮೆಕೆನಾ ಎಂಬ ಅಮೆರಿಕದ ಸಸ್ಯವಿಜ್ಞಾನಿ ಪುಕಾಲ್ಪಾಗೆ ಬಂದರು. ಅಮರಿಂಗೊ ಆಗ ಬಡತನದಲ್ಲಿ ನದಿ, ಮರಗಳ ಚಿತ್ರ ಬರೆದು ಮಾರುತ್ತಿದ್ದ. ನೀನು ಕಷಾಯ ಕುಡಿದಾಗ ಕಂಡದ್ದನ್ನು ಯಾಕೆ ಬರೆಯಬಾರದು ಅಂತ ಇವರು ಕೇಳಿದರು. ಆತ ಬರೆದ. 1991ರಲ್ಲಿ ಲೂನಾ ಮತ್ತು ಅಮರಿಂಗೊ ಸೇರಿ ತಂದ ದೊಡ್ಡ ಪುಸ್ತಕ ಲೋಕದ ಕಣ್ಣು ಸೆಳೆಯಿತು. ಅದಕ್ಕೂ ಮುಂಚೆ, 1988ರಲ್ಲಿ, ಇಬ್ಬರೂ ಸೇರಿ ಪುಕಾಲ್ಪಾದಲ್ಲಿ ಉಸ್ಕೊ ಅಯಾರ್ ಎಂಬ ಚಿತ್ರಶಾಲೆ ತೆರೆದರು. ಬಡ ಮಕ್ಕಳಿಗೆ ಅಲ್ಲಿ ಫೀಜು ಇರಲಿಲ್ಲ. ಕಾಡಿನ ಒಂದೊಂದು ಎಲೆ, ಹಕ್ಕಿ, ಮೀನನ್ನೂ ನೋಡಿ ನೆನಪಿಟ್ಟುಕೊಂಡು ಬರೆಯುವುದನ್ನು ಕಲಿಸಲಾಯಿತು. 1992ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಆತನಿಗೆ ಗೌರವ ಕೊಟ್ಟಿತು. 2009ರ ನವೆಂಬರಿನಲ್ಲಿ ಅಮರಿಂಗೊ ತೀರಿಕೊಂಡ. ಮೂಟೆ ಹೊತ್ತ ಊರಲ್ಲೇ ಶಾಲೆ ಕಟ್ಟಿದವನು.

ಈಗ ಆ ಚಿತ್ರಗಳನ್ನು ಸರಿಯಾಗಿ ನೋಡಿ. ಹಾವುಗಳಿವೆ, ಮರದೊಳಗಿಂದ ಇಣುಕುವ ಮುಖಗಳಿವೆ, ನೀರಿನ ಕೆಳಗೆ ಊರುಗಳಿವೆ. ಇದನ್ನೆಲ್ಲ ಎಲ್ಲರೂ ನೋಡುತ್ತಾರೆ. ಆದರೆ ಹಡಗುಗಳೂ ಇವೆಯಲ್ಲ? ಆ ನದಿಯ ಜನ ಯಾಕುಮಾಮ, ಅಂದರೆ ನೀರಿನ ತಾಯಿ, ಅನ್ನುವ ಮಹಾಸರ್ಪವನ್ನು ನಂಬುತ್ತಾರೆ. ಆ ಹಾವು ರಾತ್ರಿ ಹೊತ್ತು ದೀಪ ಉರಿಸಿಕೊಂಡ ಉಗಿಹಡಗಿನ ವೇಷದಲ್ಲಿ ಬಂದು ಜನರನ್ನು ಒಯ್ಯುತ್ತದೆ ಅಂತ ಕತೆ. ಮಂತ್ರವಾದಿಯನ್ನು ಕಾಯುವ ಆತ್ಮಗಳಲ್ಲಿ ಬಂದೂಕು ಹಿಡಿದ ಸಿಪಾಯಿಗಳಿದ್ದಾರೆ, ಡಾಕ್ಟರುಗಳಿದ್ದಾರೆ, ವಿಮಾನಗಳಿವೆ. ಕಾಲ ಮುಟ್ಟದ ಕನಸಿಗೆ ಉಗಿಹಡಗು ಎಲ್ಲಿಂದ ಬಂತು? ಸಿಪಾಯಿ ಎಲ್ಲಿಂದ ಬಂದ?

ರಬ್ಬರಿನಿಂದ ಬಂದ.

*

1839ರಲ್ಲಿ ಗುಡ್‌ಇಯರ್ ಎಂಬಾತ ರಬ್ಬರಿಗೆ ಗಂಧಕ ಸೇರಿಸಿ ಗಟ್ಟಿಮಾಡುವುದನ್ನು ಕಂಡುಹಿಡಿದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ. ಮೊದಲು ಸೈಕಲ್ಲು, ಆಮೇಲೆ ಕಾರು. ಲೋಕಕ್ಕೆ ರಬ್ಬರಿನ ದಾಹ ಹತ್ತಿತು. ಆಗ ರಬ್ಬರಿನ ಮರ ಹೆಚ್ಚಾಗಿ ಇದ್ದದ್ದು ಅಮೆಜಾನ್ ಕಾಡಿನಲ್ಲಿ, ಒಂದು ಇಲ್ಲಿ ಒಂದು ಅಲ್ಲಿ. ಹುಡುಕಿ ಹಾಲು ಇಳಿಸಲು ಕಾಡು ಬಲ್ಲವರೇ ಬೇಕು. ಕೂಲಿಗೆ ಬಾ ಅಂದರೆ ಆದಿವಾಸಿ ಯಾಕೆ ಬರುತ್ತಾನೆ? ಅವನಿಗೆ ಮೀನಿದೆ, ಮರಗೆಣಸಿದೆ. ಅದಕ್ಕೆ ಸಾಲ ಕೊಟ್ಟರು. ಒಂದು ಕೊಡಲಿ, ಒಂದು ತುಂಡು ಬಟ್ಟೆ. ಬದಲಿಗೆ ರಬ್ಬರು ತಾ. ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿ. ಸಾಲ ತೀರುವುದಿಲ್ಲ. ಅಪ್ಪನ ಸಾಲ ಮಗನ ತಲೆಗೆ. ನಮ್ಮ ಭಾಷೆಯಲ್ಲಿ ಇದಕ್ಕೊಂದು ಹೆಸರಿದೆ: ಜೀತ. ಬೇರೆ ವಿವರಣೆ ಬೇಕಿಲ್ಲ.

ಅತಿ ಘೋರವಾದದ್ದು ನಡೆದದ್ದು ಪುತುಮಾಯೊ ನದಿಯ ಸೀಮೆಯಲ್ಲಿ. ಹೂಲಿಯೊ ಸೇಸರ್ ಅರಾನಾ ಎಂಬ ಪೆರುವಿನ ವ್ಯಾಪಾರಿ ಅಲ್ಲಿನ ಹುಯಿತೊತೊ, ಬೋರಾ, ಅಂದೋಕೆ, ಒಕಾಯಿನಾ ಜನರನ್ನು ಹಿಡಿದು ದುಡಿಸಿದ. 1907ರಲ್ಲಿ ಅವನ ಕಂಪನಿ ಲಂಡನ್ನಿನಲ್ಲಿ ನೋಂದಣಿಯಾಯಿತು. ನಿರ್ದೇಶಕ ಮಂಡಳಿಯಲ್ಲಿ ಇಂಗ್ಲಿಷ್ ಮಹನೀಯರು ಕೂತರು. ಕಾಡಿನಲ್ಲಿ ರಬ್ಬರು ತೂಕಕ್ಕೆ ಕಡಿಮೆ ಬಂದರೆ ಚಾವಟಿ. ಆಮೇಲೆ ಕಾಲುಕೋಳ, ಉಪವಾಸ, ಕೊಲೆ. ಬೆನ್ನಿನ ಮೇಲಿನ ಆ ಬಾಸುಂಡೆಗಳಿಗೆ 'ಅರಾನಾನ ಗುರುತು' ಅಂತಲೇ ಹೆಸರಾಯಿತು. ದನಕ್ಕೆ ಮುದ್ರೆ ಒತ್ತುತ್ತಾರಲ್ಲ, ಹಾಗೆ.

ಚಾವಟಿ ಹಿಡಿಯಲು ಕಂಪನಿ ಯಾರನ್ನು ಆರಿಸಿತು? 1904ರಿಂದ ಬಾರ್ಬಡೋಸ್ ದ್ವೀಪದಿಂದ ಕರೆತಂದ ಸುಮಾರು 200 ಕರಿಯ ಕೂಲಿಗಳನ್ನು. ಗುಲಾಮರ ಮಕ್ಕಳು, ಮೊಮ್ಮಕ್ಕಳು. ಅವರನ್ನೂ ಸಾಲದಲ್ಲಿ ಕೆಡವಲಾಯಿತು. ಹೊಡೆಯಲ್ಲ ಅಂದವನಿಗೇ ಹೊಡೆತ ಬಿತ್ತು. ಅದು ಸಾಲದು ಅಂತ ಅದೇ ಬುಡಕಟ್ಟುಗಳ ಹುಡುಗರನ್ನು ಸಾಕಿ ಅವರ ಕೈಗೆ ಬಂದೂಕು ಕೊಡಲಾಯಿತು. ಕುಲಕ್ಕೆ ಮೃತ್ಯು ಕೊಡಲಿ ಕಾವು ಅಂತಾರಲ್ಲ, ಕಾವು ಎಲ್ಲಿ ಸಿಗುತ್ತದೆ ಅಂತ ಧಣಿಗಳಿಗೆ ಎಲ್ಲಾ ದೇಶದಲ್ಲೂ ಗೊತ್ತು.

1909ರಲ್ಲಿ ಹಾರ್ಡೆನ್‌ಬರ್ಗ್ ಎಂಬ ಅಮೆರಿಕದ ತರುಣ ಎಂಜಿನಿಯರ್ ಕಣ್ಣಾರೆ ಕಂಡದ್ದನ್ನು ಲಂಡನ್ನಿನ 'ಟ್ರೂತ್' ಪತ್ರಿಕೆಯಲ್ಲಿ ಬಯಲಿಗೆ ತಂದ. ಗಲಾಟೆಯಾಯಿತು. 1910ರಲ್ಲಿ ಬ್ರಿಟಿಷ್ ಸರ್ಕಾರ ರೋಜರ್ ಕೇಸ್‌ಮೆಂಟ್ ಎಂಬ ಐರಿಷ್ ಅಧಿಕಾರಿಯನ್ನು ಕಳಿಸಿತು. ಯಾವ ನೆಪದ ಮೇಲೆ? ಹುಯಿತೊತೊ ಜನ ಸಾಯುತ್ತಿದ್ದಾರೆ ಅಂತಲ್ಲ. ಬಾರ್ಬಡೋಸಿನವರು ಬ್ರಿಟಿಷ್ ಪ್ರಜೆಗಳು, ಅವರ ಸ್ಥಿತಿ ವಿಚಾರಿಸಬೇಕು ಅಂತ! ಆದರೆ ಕೇಸ್‌ಮೆಂಟ್ ಮನುಷ್ಯನಾಗಿದ್ದ. ಕಾಂಗೋದಲ್ಲಿ ಇಂಥದೇ ರಬ್ಬರಿನ ನರಕ ನೋಡಿ ಬಂದವನು. ಬಾರ್ಬಡೋಸಿನವರ ಬಾಯಿಂದಲೇ ಸಾಕ್ಷಿ ಬರೆಸಿಕೊಂಡ. 1912ರಲ್ಲಿ ವರದಿ ಅಚ್ಚಾಯಿತು. ಸತ್ತವರು ಕನಿಷ್ಠ 30,000 ಎಂಬುದು ಆ ಕಾಲದ ಅಂದಾಜು. ಕೊನೆಗೆ ಏನಾಯಿತು? ಕಂಪನಿ ಮುಳುಗಿತು. ಅರಾನಾಗೆ ಶಿಕ್ಷೆಯಾಗಲಿಲ್ಲ, ಅವನು ಮುಂದೆ ಪೆರುವಿನ ಸೆನೆಟ್ ಸದಸ್ಯನಾದ. ಐರ್ಲೆಂಡಿನ ಸ್ವಾತಂತ್ರ್ಯಕ್ಕೆ ನಿಂತ ಕೇಸ್‌ಮೆಂಟನನ್ನು 1916ರಲ್ಲಿ ಅದೇ ಬ್ರಿಟಿಷ್ ಸರ್ಕಾರ ನೇಣಿಗೆ ಹಾಕಿತು.

ಇಲ್ಲೊಂದು ಸಣ್ಣ ಸಂಗತಿ. 1911ರಲ್ಲಿ ಕೇಸ್‌ಮೆಂಟ್ ಪುತುಮಾಯೊದ ಒಮರಿನೊ, ಅರೆದೋಮಿ ಎಂಬ ಇಬ್ಬರು ತರುಣರನ್ನು ಲಂಡನ್ನಿಗೆ ಕರೆದೊಯ್ದ, ಜನರ ಮನ ಕರಗಲಿ ಅಂತ. ರೋಥೆನ್‌ಸ್ಟೈನ್ ಎಂಬ ಹೆಸರಾಂತ ಚಿತ್ರಕಾರ ಅವರನ್ನು ನಿಲ್ಲಿಸಿ ಚಿತ್ರ ಬರೆದ. ಅವರ ಮೈ ಚಿತ್ರವಾಯಿತು, ಮಾತು ಉಳಿಯಲಿಲ್ಲ. ಕುಂಚ ಅವರ ಕೈಗೆ ಬರಲು ಇನ್ನೂ ಬಹಳ ಕಾಲ ಬೇಕಿತ್ತು.

ರಬ್ಬರು ಅಲ್ಲಿಗೇ ನಿಲ್ಲಲಿಲ್ಲ. 1876ರಲ್ಲೇ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಬ್ರೆಜಿಲ್ಲಿನಿಂದ ಸುಮಾರು 70,000 ರಬ್ಬರ್ ಬೀಜ ಒಯ್ದಿದ್ದ. ಲಂಡನ್ನಿನ ಕ್ಯೂ ತೋಟದಲ್ಲಿ ಮೊಳೆತ ಸಸಿಗಳು ಸಿಲೋನಿಗೆ ಬಂದವು, ಮಲಯಾಕ್ಕೆ ಹೋದವು. ತೋಟದ ರಬ್ಬರು ಬಂದ ಮೇಲೆ ಕಾಡಿನ ರಬ್ಬರಿನ ಬೆಲೆ ಬಿತ್ತು. ಪುತುಮಾಯೊದ ನರಕ ತಣ್ಣಗಾದದ್ದು ಯಾರ ಕರುಣೆಯಿಂದಲೂ ಅಲ್ಲ, ಮುಖ್ಯವಾಗಿ ಈ ಬೆಲೆಯಿಂದ. ಸಿಲೋನಿನ ತೋಟಗಳಲ್ಲಿ ದುಡಿಯಲು ತಮಿಳುನಾಡಿನ ಬಡವರನ್ನು ಒಯ್ದರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದವಾಗಿ ಅವರಲ್ಲಿ ಲಕ್ಷಾಂತರ ಜನರನ್ನು ಹಿಂದಕ್ಕೆ ಕಳಿಸಿದಾಗ, ಒಂದಷ್ಟು ಕುಟುಂಬಗಳನ್ನು ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಲಾಯಿತು. ಅವರಲ್ಲಿ ದಲಿತ ಕುಟುಂಬಗಳೂ ಬಹಳ. ಸುಳ್ಯದ ಕಡೆ ಪಾಠ ಹೇಳುವ ಮೇಷ್ಟರುಗಳು ತರಗತಿಯ ಕಿಟಕಿಯಿಂದ ಕಾಣುವ ರಬ್ಬರ್ ಮರವನ್ನು ತೋರಿಸಿ ಈ ಕತೆ ಹೇಳಬಹುದು. ಅದರ ವಂಶದ ಬೇರು ಅಮೆಜಾನಿನಲ್ಲಿದೆ.

*

ಹುಯಿತೊತೊ ಜನ ತಮ್ಮ ಕತೆಯನ್ನು ತಾವೇ ಬರೆದರೇ? ಬರೆದರು. ನೂರು ವರ್ಷ ಕಾದು ಬರೆದರು.

ಸಾಂತಿಯಾಗೊ ಯಾಹುಆರ್ಕಾನಿ ಹುಟ್ಟಿದ್ದು 1960ರಲ್ಲಿ, ಅಮೆಜಾನ್ ದಂಡೆಯ ಪೆಬಾಸ್ ಎಂಬಲ್ಲಿ. ಹುಯಿತೊತೊ ಜನರ ಬಿಳಿ ಕೊಕ್ಕರೆ ಬಳಿಯವನು. ಅವನ ಅಜ್ಜ ಪುತುಮಾಯೊದಿಂದ ಜೀವ ಉಳಿಸಿಕೊಂಡು ಬಂದವನು. ಅಲ್ಲಿ ಕಂಡದ್ದನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಿದ. ಶಾಲೆಯ ಪಾಠಪುಸ್ತಕ ಹೇಳದ್ದನ್ನು ಅಜ್ಜನ ಬಾಯಿ ಹೇಳಿತು. ಆ ಮಾತನ್ನು ಸಾಂತಿಯಾಗೊ ಚಿತ್ರಕ್ಕೆ ಇಳಿಸುತ್ತಾನೆ. ಕ್ಯಾನ್‌ವಾಸಿನ ಮೇಲಲ್ಲ, ಯಾಂಚಾಮಾ ಅನ್ನುವ ತೊಗಟೆಯ ಮೇಲೆ. ಆಲದ ಜಾತಿಯ ಮರದ ತೊಗಟೆ ಸುಲಿದು, ಕೊಡತಿಯಿಂದ ಬಡಿದು ಬಡಿದು ಹಿಗ್ಗಿಸಿ, ತೊಳೆದು ಬಿಸಿಲಿಗೆ ಒಣಹಾಕಿದರೆ ಅದು ಬಟ್ಟೆಯ ಹಾಗಾಗುತ್ತದೆ. ಅದರ ಮೇಲೆ ಬೀಜ, ಬೇರು, ಎಲೆಗಳಿಂದ ತೆಗೆದ ಬಣ್ಣ.

ಆ ತೊಗಟೆಗಳ ಮೇಲೆ ಕಾಡಿನ ಆತ್ಮಗಳಿವೆ, ಗುಲಾಬಿ ಬಣ್ಣದ ನದಿ ಡಾಲ್ಫಿನ್ನುಗಳಿವೆ, ಅರ್ಧ ಪ್ರಾಣಿ ಅರ್ಧ ಮನುಷ್ಯರಿದ್ದಾರೆ. ಅವರ ನಡುವೆಯೇ ಕಟ್ಟಿಹಾಕಿದ ಜನ, ಚಾವಟಿ, ಬೆಂಕಿ, ರಬ್ಬರಿನ ಹೊರೆ. ಕಾಣ್ಕೆ ಯಾವುದು, ಸಾಕ್ಷಿ ಯಾವುದು ಅಂತ ಗೆರೆ ಎಳೆಯಲು ಬರುವುದಿಲ್ಲ. ಯಾಕೆಂದರೆ ಆ ಜನಕ್ಕೆ ಕಾಡು ಬರೀ ಹಿನ್ನೆಲೆಯಲ್ಲ. ಮರ, ಪ್ರಾಣಿ, ಆತ್ಮಗಳೂ ಆ ಕೊಲೆಯನ್ನು ಕಂಡ ಸಾಕ್ಷಿಗಳು. 2024ರಲ್ಲಿ ಇಟಲಿಯ ವೆನಿಸ್ ಬಿನಾಲೆಯಲ್ಲಿ ಸಾಂತಿಯಾಗೊ ಮತ್ತು ಅವನ ಮಗ ರೆಂಬೆರ್, ಇಬ್ಬರ ಚಿತ್ರಗಳೂ ಇದ್ದವು. ಒಮರಿನೊ ಯೂರೋಪಿನಲ್ಲಿ ಚಿತ್ರವಾಗಿ ನಿಂತ 113 ವರ್ಷಗಳ ಮೇಲೆ ಅವನ ಸೀಮೆಯ ಜನರ ಕುಡಿ ಯೂರೋಪಿಗೆ ತನ್ನ ಚಿತ್ರ ಕಳಿಸಿತು.

ಈಗ ಮೊದಲಿನ ಮಾತಿಗೆ ಬರೋಣ. ಈ ಮಂತ್ರವಿದ್ಯೆ ಅನಾದಿ ಕಾಲದ್ದು ಅಂತಾರೆ ಪ್ರವಾಸಿಗಳನ್ನು ಕರೆಯುವವರು. 1994ರಲ್ಲಿ ಪೀಟರ್ ಗೌ ಎಂಬ ಮಾನವಶಾಸ್ತ್ರಜ್ಞ ಬೇರೆಯೇ ವಾದ ಮುಂದಿಟ್ಟ. ಬಳ್ಳಿ ಹಳೆಯದಿರಬಹುದು, ಆದರೆ ಇವತ್ತು ಪಶ್ಚಿಮ ಅಮೆಜಾನಿನಲ್ಲಿ ಕಾಣುವ ಅಯಾವಾಸ್ಕ ವೈದ್ಯದ ಪದ್ಧತಿ ರೂಪುಗೊಂಡದ್ದು ಪಾದ್ರಿಗಳ ಕೇರಿಗಳಲ್ಲಿ, ರಬ್ಬರ್ ಕಾಲದಲ್ಲಿ, ಬೇರು ಕಿತ್ತು ಬೆರೆತುಹೋದ ಜನರ ನಡುವೆ ಅಂತ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ನಮಗೆ ಮಾತ್ರ ಇದರಲ್ಲಿ ಹುರುಳಿದೆ ಅನ್ನಿಸುತ್ತದೆ. ಎಷ್ಟೋ ಇಕಾರೊ ಹಾಡುಗಳು ಕೆಚುವಾದಲ್ಲಿವೆ. ಕೆಚುವಾವನ್ನು ಕಾಡಿನ ಊರುಗಳಿಗೆ ಸಾಮಾನ್ಯ ಭಾಷೆಯಾಗಿ ಹರಡಿದವರು ಪಾದ್ರಿಗಳು. ಹಾಗಿದ್ದರೆ ಈ ವೈದ್ಯ ಅನಾದಿ ಧ್ಯಾನವಲ್ಲ, ಗಾಯಗೊಂಡವರು ತಮ್ಮ ಗಾಯಕ್ಕೆ ಕಂಡುಕೊಂಡ ಮದ್ದು. ಒಯ್ದ ಹಡಗು ಹಾವಾಯಿತು. ಹೊಡೆದ ಸಿಪಾಯಿಯನ್ನೇ ಹಾಡು ಹಾಡಿ ತನ್ನ ಕಾವಲಿಗೆ ನಿಲ್ಲಿಸಿಕೊಂಡರು. ಇದನ್ನು ಮೂಢನಂಬಿಕೆ ಅಂತ ಒಂದೇ ಮಾತಲ್ಲಿ ತಳ್ಳಿಬಿಟ್ಟರೆ ನಾವು ಇತಿಹಾಸ ಓದಲು ಬಾರದವರಾಗುತ್ತೇವೆ.

ಹಾಗಂತ ಅವರು ಬರೀ ಕನಸು ಕಾಣುತ್ತಾ ಕೂತಿರಲಿಲ್ಲ. 1742ರಲ್ಲೇ ಹುಆನ್ ಸಾಂತೋಸ್ ಅತಾವಾಲ್ಪ ಎಂಬವನ ಹಿಂದೆ ಪೆರುವಿನ ನಡುಗಾಡಿನ ಹಲವು ಬುಡಕಟ್ಟುಗಳು ಬಂಡೆದ್ದು ಪಾದ್ರಿಗಳನ್ನು ಹೊರಗಟ್ಟಿದ್ದವು. ಅಲ್ಲಿ ಬಂಡಾಯವೂ ಇತ್ತು, ಚಿತ್ರವೂ ಇತ್ತು.

*

ಹೆಂಗಸರ ಮಾತು ಬರದೆ ಈ ಲೇಖನ ಮುಗಿದರೆ ಅರ್ಧ ಸುಳ್ಳಾಗುತ್ತದೆ. ಉಕಯಾಲಿ ದಂಡೆಯ ಶಿಪಿಬೊ ಜನರಲ್ಲಿ 'ಕೆನೇ' ಎಂಬ ರೇಖಾಚಿತ್ರವಿದೆ (ಹಾಲಿನ ಕೆನೆಗೂ ಇದಕ್ಕೂ ಸಂಬಂಧವಿಲ್ಲ). ಬಟ್ಟೆ, ಮಡಕೆ, ಮೈ ಎಲ್ಲದರ ಮೇಲೂ ಹಬ್ಬುವ, ತುದಿಮೊದಲು ಸಿಗದ ಗೆರೆಗಳು. ಇವನ್ನು ಬರೆಯುವವರು ಹೆಚ್ಚಾಗಿ ಹೆಂಗಸರು. ಮೊದಲೇ ಗುರುತು ಹಾಕಿಕೊಳ್ಳುವುದಿಲ್ಲ. ಕೈ ಹೋದಹಾಗೆ ಗೆರೆ. ಮಹಾಗನಿ ತೊಗಟೆಯ ಕಷಾಯದಲ್ಲಿ ಬಟ್ಟೆಯನ್ನು ಕಂದು ಮಾಡಿ, ಕಪ್ಪಿಗೆ ಮಣ್ಣಿನ ಕೆಸರು ಬಳಿಯುತ್ತಾರೆ. ತೊಗಟೆಯ ಒಗರಿಗೆ ಮಣ್ಣಿನ ಕಬ್ಬಿಣ ಸೇರಿ ಹೋಗದ ಕಪ್ಪಾಗುತ್ತದೆ. ಗೆರೆ ಮೊದಲು ಇದ್ದದ್ದು ರೋನಿನ್ ಎಂಬ ಮಹಾಸರ್ಪದ ಚರ್ಮದ ಮೇಲೆ ಅಂತ ಅವರ ನಂಬಿಕೆ. ಹುಡುಗಿಯರ ಕಣ್ಣಿಗೆ ಪಿರಿಪಿರಿ ಎಂಬ ಜೇಕಿನ ಜಾತಿಯ ಗಿಡದ ರಸ ಬಿಡುತ್ತಾರೆ, ಗೆರೆಗಳು ಕಾಣಲಿ ಅಂತ. ಕಾಣ್ಕೆ ಅಂದರೆ ಅಯಾವಾಸ್ಕ, ಅಯಾವಾಸ್ಕ ಅಂದರೆ ಗಂಡಸು ಮಂತ್ರವಾದಿ ಅಂತ ಹೊರಗಿನವರು ತಿಳಿದರು. ಹೆಂಗಸರಿಗೆ ತಮ್ಮದೇ ಗಿಡ, ತಮ್ಮದೇ ದಾರಿ ಇದೆ ಅಂತ ಪೆರುವಿನ ವಿದುಷಿ ಲೂಯಿಸಾ ಎಲ್ವಿರಾ ಬೆಲೌಂಡೆ ತೋರಿಸಿಕೊಟ್ಟಿದ್ದಾರೆ. ಗಂಡಸಿನದ್ದು ಕಲೆ, ಹೆಂಗಸಿನದ್ದು ಕಸೂತಿ ಅನ್ನುವ ಲೆಕ್ಕ ಎಲ್ಲಾ ಕಡೆ ಇದ್ದದ್ದೇ.

ಪೆರು ಸರ್ಕಾರ 2008ರಲ್ಲಿ ಕೆನೇಯನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಅಂತ ಸಾರಿತು. ಅದೇ ವರ್ಷ ಅಯಾವಾಸ್ಕದ ಸಾಂಪ್ರದಾಯಿಕ ಜ್ಞಾನಕ್ಕೂ ಆ ಪಟ್ಟ ಕೊಟ್ಟಿತು. ಸಂತೋಷ. ಆದರೆ ಅದೇ 2008ರಲ್ಲಿ ಅದೇ ಸರ್ಕಾರ, ಅಮೆರಿಕದ ಜೊತೆಗಿನ ವ್ಯಾಪಾರ ಒಪ್ಪಂದದ ಹೆಸರಲ್ಲಿ, ಕಾಡಿನ ಭೂಮಿಯನ್ನು ಕಂಪನಿಗಳಿಗೆ ತೆರೆಯುವ ಆಜ್ಞೆಗಳನ್ನೂ ಹೊರಡಿಸಿತು. ಅವಾಹುನ್, ವಾಂಪಿಸ್ ಆದಿವಾಸಿಗಳು ಬಾಗುವಾದ ಹತ್ತಿರ ರಸ್ತೆ ತಡೆದು ಕೂತರು. 2009ರ ಜೂನ್ 5ರಂದು ಪೊಲೀಸರು ನುಗ್ಗಿದರು. ಆ ಘರ್ಷಣೆಯಲ್ಲಿ ಪೊಲೀಸರೂ ಜನರೂ ಸೇರಿ 33 ಮಂದಿ ಸತ್ತರು. ಎರಡು ವಾರದೊಳಗೆ ಮುಖ್ಯವಾದ ಎರಡು ಆಜ್ಞೆಗಳನ್ನು ಸಂಸತ್ತು ರದ್ದುಮಾಡಬೇಕಾಯಿತು. ಗೆರೆ ಪರಂಪರೆಯಂತೆ, ಗೆರೆ ಹುಟ್ಟಿದ ನೆಲ ಮಾರಾಟಕ್ಕಂತೆ!

ರಾಜಧಾನಿ ಲಿಮಾಕ್ಕೆ ವಲಸೆ ಬಂದ ಶಿಪಿಬೊ ಕುಟುಂಬಗಳು ಕಾಂತಾಗಾಯೊ ಎಂಬ ಕೊಳೆಗೇರಿಯಲ್ಲಿ ಗುಡಿಸಲು ಹಾಕಿಕೊಂಡು ಕೆನೇ ಮಾರಿ ಬದುಕಿದವು. 2016ರ ನವೆಂಬರ್ 4ರ ಬೆಂಕಿಯಲ್ಲಿ 400ಕ್ಕೂ ಹೆಚ್ಚು ಮನೆ ಸುಟ್ಟುಹೋದವು. 2020ರಲ್ಲಿ ಕೊರೋನಾ ಹಬ್ಬಿದಾಗ ಆ ಕೇರಿಯ ಸುತ್ತ ಪೊಲೀಸ್ ಕಾವಲು ಬಿತ್ತು. ಓಲಿಂಡಾ ಸಿಲ್ವಾನೊ ಮತ್ತು ಜೊತೆಯ ಹೆಣ್ಣುಮಕ್ಕಳು ನಗರದ ಗೋಡೆಗಳ ಮೇಲೆ ದೊಡ್ಡದಾಗಿ ಕೆನೇ ಬರೆದಿದ್ದಾರೆ. ನಗರಕ್ಕೆ ಅವರ ಗೆರೆ ಬೇಕು. ಮನೆಗೆ ನೀರಿನ ನಲ್ಲಿ ಕೇಳಿದರೆ ಮಾತ್ರ ಮುಖ ತಿರುಗುತ್ತದೆ.

ಕೊನೆಯದಾಗಿ ಕಾಗದದ ಮಾತು. 1986ರಲ್ಲಿ ಒಬ್ಬ ಅಮೆರಿಕನ್ ವ್ಯಕ್ತಿ ಅಯಾವಾಸ್ಕ ಬಳ್ಳಿಯ ಒಂದು ತಳಿ ತನ್ನದು ಅಂತ ಪೇಟೆಂಟ್ ಪಡೆದ. ಸುದ್ದಿ ತಿಳಿದ ಅಮೆಜಾನ್ ಕೊಳ್ಳದ ಆದಿವಾಸಿ ಸಂಘಟನೆಗಳ ಒಕ್ಕೂಟ ವಾಷಿಂಗ್ಟನ್ನಿನವರೆಗೂ ಹೋಗಿ ಹೋರಾಡಿತು. ಇದು ನಮ್ಮ ಪವಿತ್ರ ಬಳ್ಳಿ, ತಲತಲಾಂತರದಿಂದ ನಮ್ಮದು ಅಂದರು. 1999ರಲ್ಲಿ ಪೇಟೆಂಟ್ ರದ್ದಾಯಿತು. ಆದರೆ ಕಾರಣ ಕೇಳಿ: ಆದಿವಾಸಿಗಳ ಜ್ಞಾನವನ್ನು ಒಪ್ಪಿ ಅಲ್ಲ. ಚಿಕಾಗೋದ ಮ್ಯೂಸಿಯಮ್ಮಿನಲ್ಲಿ ಅಂಥದೇ ಬಳ್ಳಿಯ ಒಣಗಿದ ಮಾದರಿಯೊಂದು ಕಾಗದಕ್ಕೆ ಅಂಟಿಕೊಂಡು ಮೊದಲೇ ಇತ್ತು ಅಂತ! 2001ರಲ್ಲಿ ಅದೇ ಪೇಟೆಂಟನ್ನು ಮತ್ತೆ ಊರ್ಜಿತ ಮಾಡಿದರು. 2003ರಲ್ಲಿ ಅವಧಿ ಮುಗಿದು ಹೋಯಿತು. ಲಕ್ಷಾಂತರ ಜನರ ಬಾಯಿಮಾತಿಗಿಂತ ಒಂದು ಒಣಗಿದ ಎಲೆಯ ಹಾಳೆ ಭಾರವಾಯಿತು.

ನಮ್ಮ ಅರಿಶಿನದ ಕತೆಯೂ ಇದೇ ಅಲ್ಲವೇ? ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. 1997ರಲ್ಲಿ ಅದನ್ನು ರದ್ದುಮಾಡಿಸಲು ನಮ್ಮ ವಿಜ್ಞಾನಿಗಳು ಸಂಸ್ಕೃತದ ಗ್ರಂಥ, ಅಚ್ಚಾದ ಲೇಖನ ಹುಡುಕಿ ತೋರಿಸಬೇಕಾಯಿತು. ಗೆದ್ದದ್ದು ಒಳ್ಳೆಯದೇ. ಆದರೆ ಗದ್ದೆಯಲ್ಲಿ ಕುಡುಗೋಲು ತಾಗಿದಾಗ ಅರಿಶಿನ ಮೆತ್ತಿದ ನಮ್ಮ ಅವ್ವಂದಿರ ಕೈ ಸಾಕ್ಷಿಯಾಗಲಿಲ್ಲ. ಬರೆದದ್ದೇ ಪ್ರಮಾಣ, ಬರೆಯುವ ಹಕ್ಕು ಕೆಲವರದ್ದೇ ಅನ್ನುವ ಹಳೆಯ ಕಾನೂನು ನಮಗೆ ಹೊಸದಲ್ಲ. ಅದು ಬರೀ ಮನುವಿನ ಊರಿನದ್ದಲ್ಲ, ವಾಷಿಂಗ್ಟನ್ನಿನದ್ದೂ ಹೌದು.

ಆದ್ದರಿಂದಲೇ ಈ ಚಿತ್ರಗಳ ಬಗ್ಗೆ ಬರೆದದ್ದು, ಗೆಳೆಯರೇ. ಬಳ್ಳಿಯ ದೇವರನ್ನು ನಂಬಿ ಅಂತಲ್ಲ. ಅಕ್ಷರವಿಲ್ಲದವರಿಗೆ ಇತಿಹಾಸವಿಲ್ಲ ಅನ್ನುವವರ ಮುಂದೆ ಆ ತೊಗಟೆಯನ್ನು ಬಿಚ್ಚಿ ಹಾಸಬೇಕು ಅಂತ. ನಮ್ಮ ಹಟ್ಟಿ, ಕೇರಿಗಳ ಹಾಡು, ಹಚ್ಚೆ, ಗೋಡೆಯ ಚಿತ್ರ, ತಮಟೆಯ ಗತ್ತನ್ನು 'ಜಾನಪದ' ಅಂತ ಪೆಟ್ಟಿಗೆಗೆ ಹಾಕುವ ಮುಂಚೆ ಅದರಲ್ಲಿ ಯಾವ ಬರ, ಯಾವ ಹೊಡೆತ, ಯಾವ ಜೀತದ ಲೆಕ್ಕ ಬರೆದಿದೆ ಅಂತ ಕೇಳಬೇಕು. ಹಳ್ಳಿಯ ಮೇಷ್ಟರುಗಳು ಮಕ್ಕಳನ್ನು ಅಜ್ಜ ಅಜ್ಜಿಯರ ಮುಂದೆ ಕೂರಿಸಿ ಕೇಳಿಸಲಿ, ಬರೆಸಲಿ, ಬಿಡಿಸಲಿ. ಪುತುಮಾಯೊದ ಅಜ್ಜ ಮೊಮ್ಮಗನ ಮುಂದೆ ಬಾಯಿ ಬಿಟ್ಟದ್ದಕ್ಕೇ ಇವತ್ತು ಆ 30,000 ಜನ ಬರೀ ಅಂಕಿಯಾಗಿ ಉಳಿದಿಲ್ಲ.